ಕರೆಂಟ್ ಹೋದರೆ ಸೇತುವೆಗೆ

ಈಗಿನ ಹುಡುಗರು ಮೊಬೈಲಿನಲ್ಲಿ ಬಂದೂಕು ಹಿಡಿದು ಓಡುವುದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಆಡಲಿ ಪಾಪ, ಆಟಕ್ಕೆ ನನ್ನ ತಕರಾರಿಲ್ಲ. ನಿನ್ನ ಜೊತೆ ಆಡುತ್ತಿರುವವನು ಯಾರೋ ಎಂದು ಕೇಳಿದರೆ "ಯಾರೋ ಗೊತ್ತಿಲ್ಲ ಆಂಟಿ" ಎನ್ನುತ್ತಾರಲ್ಲ, ಅದಕ್ಕೆ ಸಿಟ್ಟು. ನಾನೂ ಅಕ್ಕನೂ ಆಡಿದ ಆಟದಲ್ಲಿ ಗೊತ್ತಿಲ್ಲದವರು ಎನ್ನುವವರೇ ಇರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ದೊಡ್ಡಬಳ್ಳಾಪುರದಲ್ಲಿ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಪವರ್‌ಲೂಮ್ ಮಗ್ಗಗಳಿದ್ದವು. ಮಗ್ಗ ಅಪ್ಪನದು, ಲಾಳಿಯೊಳಗೆ ಕೂರಿಸುವ ಕಂಡಿಕೆಗಳಿಗೆ ನೂಲು ಸುತ್ತುವುದು ನಮ್ಮಿಬ್ಬರದು. ಮಗ್ಗ ಓಡುತ್ತಿದ್ದರೆ ಕೂತಲ್ಲಿಂದ ಏಳುವಂತಿಲ್ಲ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಆದರೂ ಏಳುವಂತಿಲ್ಲ. ಕರೆಂಟ್ ಹೋದರೆ ಮಾತ್ರ ಬಿಡುಗಡೆ. ಆಗ ಲೋಡ್ ಶೆಡ್ಡಿಂಗ್ ಕಾಟ ಬೇರೆ. ಕರೆಂಟ್ ತೆಗೆದ ಕೂಡಲೇ ಬೀದಿಯ ಮಗ್ಗದವರೆಲ್ಲ ಹೊರಗೆ ಬಂದು ಹಿಡಿಶಾಪ ಹಾಕುತ್ತಿದ್ದರು. ನಾವಿಬ್ಬರು ಚಪ್ಪಲಿ ಮೆಟ್ಟಿಕೊಂಡು ಅವರ ಮಧ್ಯದಲ್ಲೇ ನುಸುಳಿ, ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಕ್ಲಾಸಿಗೆ ಓಡುತ್ತಿದ್ದೆವು. ಅಲ್ಲಿ ಜನರೇಟರ್ ಇತ್ತು.

ಟೈಪಿಂಗಿಗೆ ಕೈ ಕುದುರಲಿ ಎಂದು ಕ್ಲಾಸಿನ ಮೇಷ್ಟ್ರು ಆ ಆಟ ತೋರಿಸಿಕೊಟ್ಟಿದ್ದರು. ಇಂಟರ್ನೆಟ್ಟಿಗೆಂದು ಫೋನ್ ತಂತಿ ಸಿಕ್ಕಿಸಿದ್ದ ಕಂಪ್ಯೂಟರ್ ಒಂದೇ. ಚಿತ್ರವಿಲ್ಲ, ಸದ್ದಿಲ್ಲ, ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳು. "ನೀನು ಸೇತುವೆಯ ಮೇಲೆ ನಿಂತಿದ್ದೀಯ. ಉತ್ತರಕ್ಕೆ ಕಾಡು" ಎಂದು ಇಂಗ್ಲಿಷಿನಲ್ಲಿ ಬರುತ್ತಿತ್ತು. ಉತ್ತರ ಎಂದು ಟೈಪ್ ಮಾಡಿದರೆ ಕಾಡಿನೊಳಗೆ ಹೋಗುತ್ತಿದ್ದೆವು. ಅದೇ ಸೇತುವೆಯ ಮೇಲೆ ಅದೇ ಹೊತ್ತಿಗೆ ಬೇರೆ ಬೇರೆ ದೇಶದವರು ಬಂದು ನಿಲ್ಲುತ್ತಿದ್ದರು, ಮಾತಾಡುತ್ತಿದ್ದರು. ಆಟ ಹೊಸದು, ಯಾರ ಹತ್ತಿರವೂ ನಕ್ಷೆ ಇರಲಿಲ್ಲ. ಗುಹೆಯಲ್ಲಿ ಏನಿದೆ ಎಂದು ತಿಳಿಯಬೇಕಾದರೆ ಹೋಗಿ ಪೆಟ್ಟು ತಿಂದು ಬಂದವರನ್ನೇ ಕೇಳಬೇಕು. ಅಬ್ಬಾ, ಆ ದಿನಗಳ ಸುಖವೇ ಸುಖ.

ನಮ್ಮಿಬ್ಬರಿಗೂ ಸೇರಿ ಒಬ್ಬನೇ ಆಳು, ಕತ್ತಿ ಹಿಡಿದ ಸಿಪಾಯಿ. ಒಂದು ದಿನ ನಾನು ಆಡಿಸಿದರೆ ಇನ್ನೊಂದು ದಿನ ಅಕ್ಕ. ನನ್ನ ಕೈಗೆ ಬಂದನೆಂದರೆ ಕಂಡಕಂಡವರ ಮೇಲೆ ಕತ್ತಿ ಎತ್ತುತ್ತಿದ್ದ. ಅಕ್ಕನದು ಬೇರೆಯೇ ದಾರಿ. ಗುಹೆಗೆ ಕಾಲಿಡುವ ಮೊದಲು ಬಾಗಿ ನಮಸ್ಕಾರ ಮಾಡಿಸುತ್ತಿದ್ದಳು, ಹೊಸದಾಗಿ ಬಂದವರಿಗೆ ನಮ್ಮ ರೊಟ್ಟಿ ಎತ್ತಿ ಕೊಡುತ್ತಿದ್ದಳು. ಸಿಕ್ಕವರಿಗೆಲ್ಲ "ಊಟ ಆಯ್ತಾ" ಎಂದು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡುತ್ತಿದ್ದಳು.

"ಲೇ, ಅವ್ರಿಗೇನು ಅರ್ಥ ಆಗುತ್ತೆ?" ಎಂದು ನಾನು ರೇಗುತ್ತಿದ್ದೆ.

"ಆಗ್ದಿದ್ರೆ ಕೇಳ್ತಾರೆ ಬಿಡೆ, ಬಾಯಿಲ್ವಾ?"

ಕೇಳಿದರು. ತಿಂಗಳು ಕಳೆಯುವಷ್ಟರಲ್ಲಿ ಸೇತುವೆಯ ಮೇಲಿನವರೆಲ್ಲ ಒಬ್ಬರಿಗೊಬ್ಬರು ಊಟ ಆಯ್ತಾ ಎನ್ನುತ್ತಿದ್ದರು.

ಅಲ್ಲೊಬ್ಬ ತನ್ನನ್ನು ಗಡ್ಡದ ಮುದುಕನೆಂದು ಬಣ್ಣಿಸಿಕೊಂಡವನಿದ್ದ. ಎಲ್ಲೋ ಸಮುದ್ರದಾಚೆಯವನು. ಒಮ್ಮೆ ನಾನು ಕೂತಿದ್ದಾಗ, "ಇವತ್ತು ಯಾವ ನೀನು? ಸಿಡುಕಿನವನೋ, ರೊಟ್ಟಿ ಕೊಡುವವನೋ?" ಎಂದು ಕೇಳಿಬಿಟ್ಟ. ಕಳ್ಳರು ಸಿಕ್ಕಿಬಿದ್ದಂತಾಯಿತು. ನಾವು ಅಕ್ಕ ತಂಗಿ, ಕರೆಂಟ್ ಹೋಗಿ ನಮ್ಮ ಮಗ್ಗ ನಿಂತಾಗ ಬರುತ್ತೇವೆ ಎಂದು ಬರೆದೆ. ಅವನಿಗೆ ನಗು ತಡೆಯಲಾಗಲಿಲ್ಲ. ಕರೆಂಟ್ ಹೋದರೆ ಬೇರೆಯವರೆಲ್ಲ ಮಾಯವಾಗುತ್ತಾರೆ, ನೀವು ಪ್ರತ್ಯಕ್ಷವಾಗುತ್ತೀರಲ್ಲ ಎಂದ. ಮನೆಯಲ್ಲಿ ನಮ್ಮನ್ನು "ಹುಡುಗೀರು" ಎಂದು ಒಟ್ಟಿಗೇ ಕೂಗುತ್ತಿದ್ದರು. ನಾವು ಇಬ್ಬರು ಎಂದು ಮುಖ ನೋಡದವನು ಗುರುತಿಸಿದ್ದು ನನಗೆ ಬಹಳ ಖುಷಿಯಾಯಿತು.

ಅಕ್ಕನನ್ನು ಪಕ್ಕದ ತಾಲ್ಲೂಕಿನ ವಿಜಯಪುರಕ್ಕೆ ಕೊಟ್ಟರು. ರೇಷ್ಮೆ ನೂಲಿಗೆ ಹುರಿ ಹಾಕುವ ಮನೆ, ಒಳ್ಳೆಯ ಜನ. ಆದರೆ ಅಲ್ಲಿ ಕಂಪ್ಯೂಟರ್ ಎಲ್ಲಿಂದ ಬರಬೇಕು? ಹೊರಡುವಾಗ ಎಲ್ಲರೂ ಅಳುತ್ತಿದ್ದರೆ ಇವಳು ನನ್ನ ಕಿವಿಯಲ್ಲಿ, "ನಮ್ಮಾಳ್ನ ಸಾಯಿಸ್ಬೇಡ ಕಣೆ. ಆಷಾಢಕ್ಕೆ ಬರ್ತೀನಿ, ಬಂದು ಆಡ್ತೀನಿ" ಎಂದಳು. ಹೊಸ ಮದುವಣಗಿತ್ತಿಗೆ ಆಷಾಢದಲ್ಲಿ ತವರು ಹೇಗೂ ಉಂಟಲ್ಲ. ಸೇತುವೆಯವರಿಗೆ ಸುದ್ದಿ ಮುಟ್ಟಿಸಿದೆ. ರೊಟ್ಟಿಯವಳು ಯಾವಾಗ ಬರುತ್ತಾಳೆ ಎಂದು ಹೋದಾಗಲೆಲ್ಲ ಕೇಳುತ್ತಿದ್ದರು. ಬಂದ ದಿನ ಎಲ್ಲರೂ ಸೇತುವೆಯ ಮೇಲೆ ಸಾಲಾಗಿ ನಿಂತು ಬಾಗಿ ನಮಸ್ಕಾರ ಮಾಡುವುದೆಂದು ಗಡ್ಡದವನು ಗೊತ್ತುಮಾಡಿದ್ದ.

ಅಕ್ಕ ಬಂದಳು. ಕರೆಂಟ್ ಹೋಗಲಿಲ್ಲ! ಆ ವರ್ಷ ಮಳೆ ಹಿಡಿದದ್ದೇ ಹಿಡಿದದ್ದು, ಜಲಾಶಯಗಳು ತುಂಬಿ ಲೋಡ್ ಶೆಡ್ಡಿಂಗನ್ನೇ ತೆಗೆದುಬಿಟ್ಟರು. ಮುಂದೆ ಶ್ರಾವಣ, ವರಮಹಾಲಕ್ಷ್ಮಿ ಹಬ್ಬದ ಸೀರೆಗಳಿಗೆ ಆರ್ಡರ್ ಬಂದಿತ್ತು, ಮಗ್ಗಗಳಿಗೆ ಬಿಡುವಿಲ್ಲ. ತವರಿಗೆ ಬಂದವಳೂ ನನ್ನ ಪಕ್ಕ ಕೂತು ಕಂಡಿಕೆ ಸುತ್ತಿದಳು. ಬಲ್ಬು ಒಂದಿಷ್ಟು ಮಂಕಾದರೆ ಸಾಕು, ಇಬ್ಬರೂ ತಲೆಯೆತ್ತಿ ನೋಡುತ್ತಿದ್ದೆವು. ಕರೆಂಟ್ ಹೋಗಲಪ್ಪಾ ಎಂದು ನಾನು ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಕೂಡ ಹೊತ್ತೆ. ನಮ್ಮ ಬೀದಿಯವರಿಗೆ ಗೊತ್ತಾಗಿದ್ದರೆ ಅಟ್ಟಿಸಿಕೊಂಡು ಹೊಡೆಯುತ್ತಿದ್ದರು.

"ನಾಳೆ ಹೋಗ್ಬಹುದು ಕಣೆ," ಎನ್ನುತ್ತಿದ್ದಳು ಅಕ್ಕ. ಆ ನಾಳೆ ಬರಲೇ ಇಲ್ಲ, ಆಷಾಢ ಮುಗಿಯಿತು. ಭಾವ ಕರೆದುಕೊಂಡು ಹೋಗಲು ಬಂದರು.

ಸಂಜೆ ಹಜಾರದಲ್ಲಿ ಕಾಫಿ ಕೊಡುತ್ತಾ ಅಕ್ಕ ನಗುನಗುತ್ತಲೇ ಅಪ್ಪನಿಗೆ ಹೇಳಿದಳು. "ಒಂದ್ಸಲ ಕಂಪ್ಯೂಟರ್ ಕ್ಲಾಸ್ ಕಡೆ ಹೋಗ್ಬರೋಣ ಅಂತಿದ್ದೆ ಕಣಪ್ಪಾ. ತಿಂಗಳೆಲ್ಲಾ ಕರೆಂಟೇ ಹೋಗ್ಲಿಲ್ಲ ನೋಡು."

ಅಪ್ಪ ಲೋಟ ಕೆಳಗಿಟ್ಟರು. "ಅದಕ್ಯಾಕಮ್ಮಾ ಕರೆಂಟ್ ಹೋಗ್ಬೇಕು? ಹೋಗ್ಬರ್ತೀನಪ್ಪಾ ಅಂದಿದ್ರೆ ನಾನೇನು ಬೇಡ ಅಂತಿದ್ನಾ?"

ಅಕ್ಕ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಬಂದಳು. ಅಡುಗೆಮನೆಯಲ್ಲಿ ನನ್ನ ಮುಖ ನೋಡದೆ, "ಕೇಳ್ಬಹುದಿತ್ತಲ್ಲೇ," ಎಂದಳು. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂತು. ಅಳಿಯ ಎದುರಿಗಿದ್ದಾನೆಂದು ಅಪ್ಪ ದೊಡ್ಡಸ್ತಿಕೆಗೆ ಆಡಿದ ಮಾತದು, ನಿಜವಾಗಿ ಕೇಳಿದ್ದರೆ ಗದರುತ್ತಿದ್ದರು ಎಂದೆ. ಅಕ್ಕ ಹೌದೆಂದು ತಲೆಯಾಡಿಸಿದಳು. ಹಾಗಂದುಕೊಂಡರೆ ಇಬ್ಬರಿಗೂ ಸ್ವಲ್ಪ ಸಮಾಧಾನವಾಗುತ್ತಿತ್ತು. ಬೆಳಗ್ಗೆ ಭಾವನ ಜೊತೆ ಬಸ್ ಹತ್ತಿದಳು.

ಆಮೇಲೆ ಅವಳಿಗೆ ಮಗು, ಸಂಸಾರ, ಅತ್ತೆಯ ಕಾಯಿಲೆ. ಅಷ್ಟರಲ್ಲಿ ಆಟಕ್ಕೆ ಜನ ನುಗ್ಗಿ, ನಕ್ಷೆಗಳು ಬಂದು, ಯಾರೂ ಯಾರನ್ನೂ ಏನೂ ಕೇಳದಂತಾಗಿ, ಕೊನೆಗೆ ಅದನ್ನು ಮುಚ್ಚಿಯೂ ಬಿಟ್ಟರು. ಅಕ್ಕ ಮತ್ತೆ ಆ ಸೇತುವೆಗೆ ಬರಲೇ ಇಲ್ಲ.

ಆ ಆಷಾಢ ಮುಗಿಸಿ ಅವಳು ಗಂಡನ ಮನೆಗೆ ಹೋದ ಮರುವಾರ ನಾನೊಂದು ಕೆಲಸ ಮಾಡಿದೆ, ಮಾಡಬಾರದಿತ್ತು. ಕರೆಂಟ್ ಇದ್ದು ಮಗ್ಗಗಳೆಲ್ಲ ಓಡುತ್ತಿರುವಾಗಲೇ ಎದ್ದು ಅಪ್ಪನ ಬಳಿ ಹೋದೆ. ಆ ಸದ್ದಿನಲ್ಲಿ ಕೇಳಿಸಲೆಂದು, "ಕಂಪ್ಯೂಟರ್ ಕ್ಲಾಸಿಗೆ ಹೋಗ್ಬರ್ಲಾ?" ಎಂದು ಕಿರುಚಿದೆ. ಬೇಡ ಎನ್ನಲಿ, ದೇವರೇ, ಬೈದು ಕೂರಿಸಲಿ ಎಂದು ಬೇಡಿಕೊಳ್ಳುತ್ತಿದ್ದೆ. ಕಡಿದುಹೋದ ಎಳೆಯೊಂದನ್ನು ಹುಡುಕುತ್ತಿದ್ದ ಅಪ್ಪ ತಲೆ ಕೂಡ ಎತ್ತಲಿಲ್ಲ.

"ಹೋಗ್ಬಾಮ್ಮಾ," ಎಂದರು.