ಮನೆ ಒಕ್ಕಲಿಗೆ ಹೋದ ಕಾವೇರಿ

ಕೊರೋನಾದ ಕಾಟ ಮುಗಿದು ನಮ್ಮ ಕಡೆ ಮದುವೆ, ಮನೆ ಒಕ್ಕಲು ಎಂದರೆ ಗೃಹಪ್ರವೇಶಗಳು ಮತ್ತೆ ಜೋರಾದ ವರ್ಷವದು. ನಾನು ಆಗ ಬಂಟ್ವಾಳ ತಾಲೂಕಿನಲ್ಲಿ ಪಶುವೈದ್ಯ. ವಾಮದಪದವಿನ ಸುತ್ತಮುತ್ತಲಿನ ಹಟ್ಟಿ-ಕೊಟ್ಟಿಗೆಗಳು ನನ್ನ ಪಾಲಿಗೆ ಬಂದಿದ್ದವು. ಈಗ ನಿವೃತ್ತನಾಗಿ ಮೂಡುಬಿದಿರೆಯಲ್ಲಿದ್ದೇನೆ. ಸೇವೆಯಲ್ಲಿ ಯಾರಿಗೆಲ್ಲ ಋಣಿಯಾಗಿರಬೇಕು ಎಂದು ಯೋಚಿಸುವಾಗ ಮೊದಲು ನೆನಪಾಗುವುದು ಗಿರಿಜಕ್ಕನ ದನ ಕಾವೇರಿ.

ಗಿರಿಜಕ್ಕ ಬೀಡಿ ಕಟ್ಟುತ್ತ, ಇದ್ದೊಂದು ದನದ ಹಾಲನ್ನು ಡೇರಿಗೆ ಹಾಕುತ್ತ ಮಗಳನ್ನು ನರ್ಸಿಂಗ್ ಓದಿಸುತ್ತಿದ್ದವರು. ಕಾವೇರಿ ಹೋದರೆ ಮಗಳ ಓದೂ ಹೋದಂತೆ. ಕಾವೇರಿ ಎಷ್ಟು ಸಾಧುವೆಂದರೆ ಓಲಗದ ಸದ್ದಿಗೂ ಬೆಚ್ಚುತ್ತಿರಲಿಲ್ಲ. ಹಾಗಾಗಿ ಊರಲ್ಲಿ ಯಾರ ಮನೆ ಒಕ್ಕಲಾದರೂ ಹೊಸ್ತಿಲು ದಾಟಿಸಲು ಅವಳೇ ಬೇಕು. ಆ ಶುಕ್ರವಾರ ನೆರೆಯ ಸದಾಶಿವಣ್ಣ ತಮ್ಮ ಹೊಸ ಮನೆಗೆ ಕರೆದೊಯ್ದಿದ್ದರು.

ದನಕ್ಕೆ ಒಂದು ಹಿಡಿ ಅಕ್ಕಿ-ಬೆಲ್ಲ ಕೊಡುವುದು ಪದ್ಧತಿ. ಆದರೆ ಅಂದು ನೆಂಟರಿಗೆಲ್ಲ ಪುಣ್ಯದ ಆಸೆ, ಮೇಲಿಂದ ಫೋಟೋದ ಆಸೆ. ಒಬ್ಬರಾದ ಮೇಲೊಬ್ಬರು ಅಕ್ಕಿ ಕೊಟ್ಟರು, ಬೆಲ್ಲ ಕೊಟ್ಟರು, ಬಾಳೆಹಣ್ಣು ಕೊಟ್ಟರು, ಊಟವಾದ ಮೇಲೆ ಉಳಿದ ಹೋಳಿಗೆಯನ್ನೂ ಕೊಟ್ಟರು. ಕಾವೇರಿ ಯಾರ ಮನಸ್ಸನ್ನೂ ನೋಯಿಸಲಿಲ್ಲ. ಪ್ರೀತಿಯಿಂದ ದನವನ್ನು ಸಾಯಿಸುವ ವಿದ್ಯೆ ನಮ್ಮವರಿಗೆ ಚೆನ್ನಾಗಿ ಗೊತ್ತು.

ಶನಿವಾರ ಬೆಳಿಗ್ಗೆ ಗಿರಿಜಕ್ಕನ ಫೋನು. "ಡಾಕ್ಟ್ರೇ, ದನ ಮಲಗಿದ್ದು ಏಳುದೇ ಇಲ್ಲ. ಮೆಲುಕು ಹಾಕುದಿಲ್ಲ. ಒಮ್ಮೆ ಬನ್ನಿ ಮಾರಾಯ್ರೆ."

ಹೋಗಿ ನೋಡಿದರೆ ಹೊಟ್ಟೆ ಉಬ್ಬಿತ್ತು, ಕಣ್ಣು ಗುಳಿಬಿದ್ದಿತ್ತು, ಹಟ್ಟಿಯಿಡೀ ಹುಳಿ ವಾಸನೆ. ದನದ ದೊಡ್ಡ ಹೊಟ್ಟೆಗೆ ನಾವು ರೂಮೆನ್ ಎನ್ನುತ್ತೇವೆ. ಹುಲ್ಲನ್ನು ಕರಗಿಸುವ ಶಕ್ತಿ ದನಕ್ಕೇ ಇಲ್ಲ. ರೂಮೆನ್ನಿನಲ್ಲಿ ಬಿಡಾರ ಹೂಡಿರುವ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ, ಪ್ರೊಟೊಜೋವಾ, ಶಿಲೀಂಧ್ರಗಳು ಅದನ್ನು ಕರಗಿಸಿ ಕೊಡುತ್ತವೆ. ಈ ಇಡೀ ಸಂಸಾರದ ಹೆಸರು ಮೈಕ್ರೋಬಯೋಟಾ. ಅಕ್ಕಿ, ಬೆಲ್ಲ ಒಮ್ಮೆಲೇ ಬಿದ್ದಾಗ ಆಮ್ಲ ಹುಟ್ಟಿಸುವ ಕೆಲವು ಬ್ಯಾಕ್ಟೀರಿಯಾಗಳು ಮಾತ್ರ ವಿಪರೀತ ಬೆಳೆಯುತ್ತವೆ, ಉಳಿದವು ಆ ಹುಳಿಯಲ್ಲಿ ಸಾಯುತ್ತವೆ. ಇದು ಅಸಿಡೋಸಿಸ್.

ಬಾಯಿಯಿಂದ ಪೈಪ್ ಇಳಿಸಿ ರೂಮೆನ್ನಿನ ದ್ರವ ತೆಗೆದೆ. ಆರಕ್ಕಿಂತ ಮೇಲಿರಬೇಕಾದ ಪಿಎಚ್ ಐದಕ್ಕಿಂತ ಕೆಳಗಿತ್ತು. ಆರೋಗ್ಯವಂತ ದನದ ಒಂದು ಹನಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಪ್ರೊಟೊಜೋವಾಗಳು ಶಾಲೆ ಬಿಟ್ಟ ಮಕ್ಕಳ ಹಾಗೆ ಓಡಾಡುತ್ತಿರುತ್ತವೆ. ಕಾವೇರಿಯ ಹನಿಯಲ್ಲಿ ಒಂದೂ ಅಲುಗಲಿಲ್ಲ.

ಸೋಡಾ ಬೈಕಾರ್ಬನೇಟ್ ಕುಡಿಸಿ, ಡ್ರಿಪ್ ಹಾಕಿದೆ. ಸಂಜೆಗೆ ಎದ್ದು ನಿಂತಳು. ಆದರೆ ಹುಲ್ಲಿನ ಕಡೆ ತಿರುಗಿಯೂ ನೋಡಲಿಲ್ಲ. ತಿಂದರೂ ಅದನ್ನು ಕರಗಿಸುವವರು ಒಳಗಿರಲಿಲ್ಲ. ಇನ್ನು ಇದ್ದ ದಾರಿ ಒಂದೇ: ಆರೋಗ್ಯವಂತ ಪ್ರಾಣಿಯ ರೂಮೆನ್ ದ್ರವವನ್ನು ಜೀವಂತವಾಗಿ ತಂದು ತುಂಬಿಸುವುದು. ಹತ್ತಿರದಲ್ಲಿದ್ದ ಇನ್ನೊಂದು ದನ ತುಂಬು ಗಬ್ಬ. ಅದಕ್ಕೆ ಪೈಪ್ ಇಳಿಸಲು ನನಗೇ ಧೈರ್ಯ ಬರಲಿಲ್ಲ. ಆಗ ಹೊಳೆದದ್ದು ಪೇಟೆಯ ಇಬ್ರಾಹಿಂ ಬ್ಯಾರಿಗಳ ಮಟನ್ ಅಂಗಡಿ. ಭಾನುವಾರ ಅಲ್ಲಿ ಆಡುಗಳ ಹೊಟ್ಟೆಯೊಳಗಿನದ್ದೆಲ್ಲ ಗುಂಡಿಗೆ ಹೋಗುತ್ತದೆ. ಗುಡ್ಡದ ಸೊಪ್ಪು ತಿಂದ ಆಡಿನ ರೂಮೆನ್ನಿನಲ್ಲೂ ನಮಗೆ ಬೇಕಾದ ಜೀವಿಗಳೇ ಇರುತ್ತವೆ.

ಇದನ್ನು ಹೇಳಿದಾಗ, ಬೆಳಿಗ್ಗೆಯಿಂದ ಸರಿಯಾಗಿ ಊಟವನ್ನೂ ಮಾಡದೆ ಹಟ್ಟಿಯಲ್ಲೇ ಕೂತಿದ್ದ ಸದಾಶಿವಣ್ಣನ ಮುಖ ಬಿಳಿಚಿಕೊಂಡಿತು. "ಒಕ್ಕಲಿಗೆ ಬಂದ ದನ ಡಾಕ್ಟ್ರೇ. ಅದಕ್ಕೆ ಮಟನ್ ಅಂಗಡಿದ್ದು ಕುಡಿಸುದಾ? ಬೇರೆ ಮದ್ದು ಇಲ್ವಾ?"

"ಇಲ್ಲ," ಎಂದೆ.

ಗಿರಿಜಕ್ಕ ದನದ ಕೊರಳು ಸವರುತ್ತಿದ್ದರು. ತಲೆ ಎತ್ತದೆ ಹೇಳಿದರು: "ಆಡು ತಿಂದದ್ದೂ ಸೊಪ್ಪೇ ಅಲ್ವಾ? ನನಗೆ ಇವಳು ಉಳಿದ್ರೆ ಸಾಕು. ನೀವು ತರಿಸಿ."

ದ್ರವ ತಣಿಯಬಾರದು, ಗಾಳಿಯೂ ತಾಗಬಾರದು, ಇಲ್ಲದಿದ್ದರೆ ಅದರೊಳಗಿನ ಜೀವಿಗಳು ಸಾಯುತ್ತವೆ ಎಂದು ಇಬ್ರಾಹಿಂ ಬ್ಯಾರಿಗಳಿಗೆ ಫೋನಿನಲ್ಲಿ ವಿವರಿಸಿದೆ. ಭಾನುವಾರ ಬೆಳಿಗ್ಗೆ ವ್ಯಾಪಾರ ಭರದಲ್ಲಿರುವಾಗಲೇ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಅವರೇ ಸ್ಕೂಟರಿನಲ್ಲಿ ಬಂದರು. ಕೈಯಲ್ಲಿ ಅಳಿಯ ಸೌದಿಯ ದಮ್ಮಾಮಿನಿಂದ ತಂದುಕೊಟ್ಟಿದ್ದ ದೊಡ್ಡ ದೊಡ್ಡ ಫ್ಲಾಸ್ಕುಗಳು, ಬಾಯಿಮಟ್ಟ ತುಂಬಿದ್ದವು.

"ಬಟ್ಟೆಯಲ್ಲಿ ಸೋಸಿದ್ದೇನೆ ಡಾಕ್ಟ್ರೇ, ಬಿಸಿ ಉಂಟು. ಫ್ಲಾಸ್ಕ್ ಮಾತ್ರ ವಾಪಸ್ ಬೇಡ. ಇದರಲ್ಲಿ ಇನ್ನು ಚಾ ಕೊಟ್ರೆ ಹೆಂಡತಿ ನನ್ನನ್ನು ಮನೆಯಿಂದ ಓಡಿಸ್ತಾಳೆ."

ಎರಡು ದಿನಗಳಲ್ಲಿ ಗಿರಿಜಕ್ಕ ನಕ್ಕದ್ದು ಅದೇ ಮೊದಲು. ಪೈಪಿನ ಮೂಲಕ ಅಷ್ಟನ್ನೂ ನಿಧಾನವಾಗಿ ಇಳಿಸಿದೆ. ಇಳಿದದ್ದು ಒಳಗೆ ಬದುಕುತ್ತದೆಯೇ ಇಲ್ಲವೇ ಎಂದು ಯಾವ ವೈದ್ಯನೂ ಖಾತ್ರಿಯಾಗಿ ಹೇಳಲಾರ. ಆ ದಿನ ಊಟ ನನಗೂ ರುಚಿಸಲಿಲ್ಲ.

ಸೋಮವಾರ ಬೆಳಿಗ್ಗೆ ಹೋದಾಗ ಬ್ಯಾರಿಗಳೂ ಸೇರಿ ಮೂವರೂ ಹಟ್ಟಿಯ ಬಾಗಿಲಲ್ಲಿದ್ದರು. ಗಿರಿಜಕ್ಕ ಸದ್ದು ಮಾಡಬೇಡಿ ಎಂದು ಕೈಸನ್ನೆ ಮಾಡಿದರು. ಕಾವೇರಿ ಅರೆಗಣ್ಣು ಮುಚ್ಚಿ ಮಲಗಿದ್ದಳು. ಕೊರಳಿನಲ್ಲಿ ಒಂದು ಉಂಡೆ ಮೇಲಕ್ಕೆ ಬಂತು, ದವಡೆ ಆಡತೊಡಗಿತು. ಮೆಲುಕು! ಗಿರಿಜಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಸದಾಶಿವಣ್ಣ ಇಬ್ರಾಹಿಂ ಬ್ಯಾರಿಗಳ ಕೈ ಹಿಡಿದುಕೊಂಡರು. "ಒಕ್ಕಲಿಗೆ ನಿಮ್ಮನ್ನು ಕರೆಯಲಿಲ್ಲ ನಾನು. ಈಗ ಬನ್ನಿ, ಮನೆಯಲ್ಲಿ ಕೂತು ಚಾ ಕುಡಿಯುವ."

ರೋಗಾಣುಗಳನ್ನು ಕೊಲ್ಲುವುದನ್ನು ಕಾಲೇಜು ನನಗೆ ಚೆನ್ನಾಗಿ ಕಲಿಸಿತ್ತು. ಕಣ್ಣಿಗೆ ಕಾಣದ ಉಪಕಾರಿಗಳನ್ನು ಕಾಪಾಡಬೇಕೆಂಬುದನ್ನು ಮನಸ್ಸಿಗೆ ನಾಟಿಸಿದವಳು ಕಾವೇರಿ. ಅಲ್ಲಿಂದ ಮುಂದೆ ಆಂಟಿಬಯೋಟಿಕ್ ಸೂಜಿ ಎತ್ತುವ ಮೊದಲು, ಇದು ನಿಜವಾಗಿ ಬೇಕೇ ಎಂದು ಒಮ್ಮೆ ಕೇಳಿಕೊಳ್ಳುವುದು ನನಗೆ ಅಭ್ಯಾಸವಾಯಿತು. ಗಿರಿಜಕ್ಕನ ಮಗಳು ಈಗ ನರ್ಸ್. ಸಿಕ್ಕಿದಾಗಲೆಲ್ಲ "ನಮ್ಮ ಕಾವೇರಿಯನ್ನು ಉಳಿಸಿದ ಡಾಕ್ಟ್ರು" ಎಂದು ಜೊತೆಯಲ್ಲಿದ್ದವರಿಗೆ ಪರಿಚಯಿಸುತ್ತಾಳೆ. ಗುಡ್ಡದಲ್ಲಿ ಸೊಪ್ಪು ತಿಂದ ಆಡುಗಳನ್ನು, ವ್ಯಾಪಾರ ಬಿಟ್ಟು ಓಡಿಬಂದ ಬ್ಯಾರಿಗಳನ್ನು, ಹಿಂದೆಮುಂದೆ ನೋಡದೆ ಒಪ್ಪಿದ ಅವಳ ಅಮ್ಮನನ್ನು ನೆನೆದು ನಾನು ಪ್ರತಿ ಸಲ ಅವಳಿಗೆ ಹೇಳುವುದು ಒಂದೇ ಮಾತು: "ಉಳಿಸಿದವರು ತುಂಬಾ ಜನ ಮಗಾ. ನಾನು ಪೈಪ್ ಹಿಡಿದದ್ದು, ಅಷ್ಟೇ."