ಎಲೆಚೀಲದಲ್ಲಿದ್ದ ಚೀಟಿ

ಈ ಬೆಳಿಗ್ಗೆ ವಾರ್ಡಿನಲ್ಲಿ ಒಬ್ಬ ಅಜ್ಜಿ ಸೊಂಟದ ಎಲೆಚೀಲ ಬಿಚ್ಚಿದರು. ಸುಣ್ಣ, ಕಾಚು, ಬಾಡಿದ ಎಲೆ, ಎರಡು ಲವಂಗ, ಎಲ್ಲ ಕೂಡಿದ ಆ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಬೇರೆಯವರಿಗೆ ಆ ವಾಸನೆ ಅಜ್ಜಿಯ ಮಡಿಲನ್ನು ನೆನಪಿಸುತ್ತದಂತೆ. ನನಗೆ ಭಯ ತರುತ್ತದೆ. ಯಾಕೆಂದು ಹೇಳುತ್ತೇನೆ, ಆದರೆ ಸ್ವಲ್ಪ ಸುತ್ತಿಕೊಂಡು ಬರುತ್ತೇನೆ. ನನಗೆ ಮಾತು ಕಲಿಸಿದ ಹಿರಿಯರು ಯಾರೂ ನೆಟ್ಟಗಿನ ದಾರಿಯಲ್ಲಿ ಕಥೆ ಹೇಳಿದವರಲ್ಲ.

ಇಪ್ಪತ್ತು ವರ್ಷಗಳಿಗೂ ಹಿಂದಿನ ಮಾತು. ನಾನು ಆಗ ಮೊಳಕಾಲ್ಮೂರು ಸೀಮೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಹೊಸ ಡಾಕ್ಟರು. ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತು ಕೂತು ಮಂಡಿ ಹೋದ ನೇಕಾರರು ಬರುತ್ತಿದ್ದರು. ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ನೋವು ಹೇಳಿಕೊಳ್ಳುತ್ತಿದ್ದರು. ನಾನು ಎರಡೂ ಭಾಷೆಯಲ್ಲಿ ಒಂದೇ ಉತ್ತರ ಕೊಡುತ್ತಿದ್ದೆ: ವಯಸ್ಸಾಯಿತಲ್ಲ, ಇನ್ನೇನು. ಅವರೂ ಅದನ್ನು ಪ್ರಸಾದದಂತೆ ತಗೊಂಡು ಹೋಗುತ್ತಿದ್ದರು. ಆ ಎರಡು ಪದಗಳಿಂದ ನಾನು ಎಷ್ಟು ಜನರನ್ನು ಮನೆಗೆ ಕಳಿಸಿದೆನೋ, ಲೆಕ್ಕ ಹಾಕಲು ಈಗಲೂ ಧೈರ್ಯವಿಲ್ಲ.

ಆಮೇಲೆ ದೂರದ ಊರೊಂದರಲ್ಲಿ ವೃದ್ಧರ ವೈದ್ಯಕೀಯ ಓದಲು ಸೀಟು ಸಿಕ್ಕಿತು. ಆಗ ಅಂಥದೊಂದು ಓದು ಇದೆಯೆಂದು ಗೊತ್ತಿದ್ದವರೇ ಕಡಿಮೆ. ಚಳ್ಳಕೆರೆಯ ನಮ್ಮ ಬೀದಿ ನಕ್ಕಿತು. ಎಣ್ಣೆ ಗಿರಣಿಯಲ್ಲಿದ್ದ ನಮ್ಮ ಚಿಕ್ಕಪ್ಪನಂತೂ, ಕಣ್ಣಿನ ಡಾಕ್ಟರು ಕೇಳಿದ್ದೇನೆ, ಎಲುಬಿನ ಡಾಕ್ಟರು ಕೇಳಿದ್ದೇನೆ, ಮುದುಕರ ಡಾಕ್ಟರು ಅಂದರೆ ಹೆಣ ಹೊರುವವರಿಗಿಂತ ಮುಂಚೆ ಬರುವವನೋ ಎಂದ. ನಮ್ಮಜ್ಜಿ ಮಾತ್ರ ನಗಲಿಲ್ಲ.

"ಹೋಗ್ ಬಾರಪ್ಪ. ನಮ್ ಮಾತ್ ಕೇಳಾಕೆ ಒಬ್ಬನಾದ್ರೂ ಓದಿದೋನು ಇರ್ಲಿ" ಎಂದಳು.

ಅಜ್ಜಿಗೆ ಒಬ್ಬಳೇ ಗೆಳತಿ, ಪಕ್ಕದ ಮನೆಯ ಖೈರೂನ್‌ಬೀ. ಅವರ ಮಗ ಬಶೀರ್ ನನ್ನ ಜೊತೆಯವನು, ಬಸ್ ಸ್ಟ್ಯಾಂಡಿನ ಹತ್ತಿರ ಲಾರಿ ರಿಪೇರಿ ಮಾಡುತ್ತಿದ್ದ. ಮಧ್ಯಾಹ್ನದ ಊಟ ಮುಗಿದರೆ ಸಾಕು, ಈ ಇಬ್ಬರೂ ನಮ್ಮ ಜಗಲಿ ಹಿಡಿಯುತ್ತಿದ್ದರು. ಒಬ್ಬರ ಚೀಲದ ಎಲೆ, ಇನ್ನೊಬ್ಬರ ಚೀಲದ ಅಡಿಕೆ. ಒಬ್ಬರಿಗೆ ಹಲ್ಲಿಲ್ಲ, ಇನ್ನೊಬ್ಬರು ಕುಟ್ಟಿ ಕೊಡುವುದು. ಸೊಸೆಯರ ಮೇಲಿನ ದೂರೂ ಹಾಗೇ ಹಂಚಿಕೆ. ತಮ್ಮದೆಂಬುದು ಆ ಚೀಲಗಳೊಳಗೆ ಏನೂ ಇರಲಿಲ್ಲ.

ಓದಿಗೆ ಹೊರಡುವ ಮುನ್ನ ಅಜ್ಜಿ ಮೈಕೆರೆತ, ನಿದ್ದೆಯಿಲ್ಲ ಎಂದಳು. ನಾನು ಬಸ್ಸಿನ ಗಡಿಬಿಡಿಯಲ್ಲಿ ಒಂದು ಮಾತ್ರೆಯ ಚೀಟಿ ಬರೆದುಕೊಟ್ಟೆ. ಕೆರೆತವೂ ನಿಂತಿತು, ನಿದ್ದೆಯೂ ಬಂತು. ಮೊಮ್ಮಗನ ಕೈಗುಣವನ್ನು ಅವಳು ಬೀದಿಗೆಲ್ಲ ಹೇಳಿದಳಂತೆ.

ಓದುವ ಊರಿನಲ್ಲಿ ನಮ್ಮ ಗುರುಗಳು ಮೊದಲ ವಾರವೇ ಎರಡು ವಿಷಯ ಹೇಳಿದರು. ವಯಸ್ಸು ಎಂಬುದು ಕಾಯಿಲೆಯ ಹೆಸರಲ್ಲ. ಮತ್ತೆ, ಮುದುಕರ ನಾಡಿ ಹಿಡಿಯುವ ಮೊದಲು ಅವರ ಬಳಿಯಿರುವ ಮಾತ್ರೆಗಳನ್ನೆಲ್ಲ ಹೊರಗೆ ಸುರಿಸಿ ನೋಡು. ವಾರ್ಡಿನಲ್ಲಿ ನಾನು ಶ್ರದ್ಧೆಯಿಂದ ಸುರಿಸಿದೆ. ನಮ್ಮ ಜಗಲಿಯ ಮೇಲೂ ಇಬ್ಬರು ಮುದುಕಿಯರಿದ್ದಾರೆಂಬುದು ನೆನಪಿಗೇ ಬರಲಿಲ್ಲ.

ಮರುವರ್ಷ ರಜೆಗೆ ಬಂದು ಬಸ್ಸಿಳಿದಾಗ ಬಶೀರನ ಅಂಗಡಿಯ ಬಾಗಿಲು ಹಾಕಿತ್ತು. ಅವನು ಮನೆ ಮುಂದೆ ನಿಂತಿದ್ದ. ಒಳಗೆ ನೆಂಟರು ತುಂಬಿದ್ದರು. ಖೈರೂನ್‌ಬೀಯವರ ಮಂಚದ ಪಕ್ಕ ಯಾರೋ ಮೆಲ್ಲಗೆ ಕುರಾನ್ ಓದುತ್ತಿದ್ದರು. ಬಾಯಿಗೆ ಚಮಚದಲ್ಲಿ ನೀರು ಬಿಡುವುದೂ ಶುರುವಾಗಿತ್ತು.

"ಮೂರು ದಿನ ಆತು ಕಣೋ. ಅಮ್ಮಾ ನನ್ನ ಗುರುತೇ ಹಿಡೀವಲ್ರು" ಎಂದ ಬಶೀರ್. "ಗ್ವಾಡೆ ಮ್ಯಾಗೆ ಕುರಿ ಹತ್ತವೆ, ಓಡಿಸು ಅಂತಾರೆ. ಡಾಕ್ಟ್ರು ನೋಡಿ ವಯಸ್ಸಾಗೈತೆ ಅಂದ್ರು."

ನನ್ನದೇ ಮಾತು ಇನ್ನೊಬ್ಬರ ಬಾಯಿಂದ ತಿರುಗಿ ಬಂದಿತ್ತು. ಖೈರೂನ್‌ಬೀ ಒಣಗಿದ ತುಟಿಯಲ್ಲಿ ಏನೋ ಗೊಣಗುತ್ತ ಹೊದಿಕೆಯಿಂದ ಕಾಣದ ನೂಲು ಕೀಳುತ್ತಿದ್ದರು. ಹೊಟ್ಟೆಯ ಮೇಲೆ ಕೈಯಿಟ್ಟೆ. ಕೆಳಹೊಟ್ಟೆ ಬೋರಲು ಹಾಕಿದ ಕೊಡದಂತೆ ಗಟ್ಟಿಯಾಗಿತ್ತು. ನಿನ್ನೆ ಬೆಳಿಗ್ಗೆಯಿಂದ ಉಚ್ಚೆ ಹೋಗಿಲ್ಲ ಎಂದಳು ಸೊಸೆ. ಹೋಗುವ ಕಾಲಕ್ಕೆ ಅದೂ ನಿಲ್ಲುತ್ತದಂತೆ ಎಂದು ಯಾರೋ ಸಮಾಧಾನ ಹೇಳಿದ್ದರು.

ಮಾತ್ರೆ ಏನೇನು ಕೊಡುತ್ತೀರಿ ಎಂದೆ. ಬಿಪಿಯದೊಂದೇ. ಮತ್ತೆ? ಮತ್ತೇನಿಲ್ಲ. ಆಗ ದಿಂಬಿನ ಪಕ್ಕದ ಎಲೆಚೀಲ ಕಣ್ಣಿಗೆ ಬಿತ್ತು. ಯಾಕೆ ಕೈಗೆತ್ತಿಕೊಂಡೆನೋ, ಗುರುಗಳ ಮಾತೋ, ಬರೀ ದಿಗಿಲೋ. ಹಾಸಿಗೆಯ ಮೇಲೆ ಸುರಿದೆ. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಅರ್ಧ ಮುಗಿದ ಮಾತ್ರೆಯ ಪಟ್ಟಿ. ಅದರ ಜೊತೆಗೆ, ನಾಲ್ಕಾಗಿ ಮಡಿಚಿ ಕಾಚಿನ ಕಲೆ ಹತ್ತಿದ ಒಂದು ಚೀಟಿ. ಬಿಡಿಸಿದೆ. ನನ್ನ ಅಕ್ಷರ.

ಕೆರೆತದ ಆ ಹಳೆಯ ಮಾತ್ರೆಯನ್ನು ವಯಸ್ಸಾದವರಿಗೆ ಕೊಟ್ಟರೆ ಬುದ್ಧಿ ಕದಡಬಹುದು, ಉಚ್ಚೆ ಕಟ್ಟಬಹುದು ಎಂದು ನಾನು ಅದೇ ವರ್ಷ ಓದಿ, ಪರೀಕ್ಷೆಯಲ್ಲಿ ಬರೆದು, ಒಳ್ಳೆಯ ಅಂಕವನ್ನೂ ತಗೊಂಡಿದ್ದೆ.

ಚೀಟಿ ನನ್ನ ಜೇಬಿಗೆ ಹೋಯಿತು. ಹೇಗೆ ಹೋಯಿತೆಂದು ಕೇಳಬೇಡಿ, ಕೈ ತಾನಾಗಿ ಆ ಕೆಲಸ ಮಾಡಿತು. ಪರಿಚಯದ ನರ್ಸಮ್ಮನನ್ನು ಕರೆಸಿ ಉಚ್ಚೆ ಹೋಗಲು ನಳಿಕೆ ಹಾಕಿಸಿದೆ. ಉಚ್ಚೆಯ ಚೀಲ ತುಂಬಿತು, ಹೊಟ್ಟೆ ಇಳಿಯಿತು. ಆ ಮಾತ್ರೆ ನಿಲ್ಲಿಸಿ ಸಲೈನ್ ಏರಿಸಿದೆವು. ಆದರೆ ಬುದ್ಧಿ ಮರಳಲಿಲ್ಲ. ಅಂದೂ ಇಲ್ಲ, ಮರುದಿನವೂ ಇಲ್ಲ. ನಾನು ಮಂಚದ ಪಕ್ಕ ಕೂತು ಅವರ ಉಸಿರು ಎಣಿಸಿದೆ. ಮೊಳಕಾಲ್ಮೂರಿನಲ್ಲಿ ಇಂಥ ಚೀಟಿ ಎಷ್ಟು ಬರೆದಿದ್ದೆ? ಯಾವ ಯಾವ ಚೀಲದಲ್ಲಿ ಅವು ಕೂತಿವೆ? ಯಾವ ಮನೆಯಲ್ಲಿ ಚಮಚದಿಂದ ನೀರು ಬಿಟ್ಟಾಯಿತು?

ಎರಡನೆಯ ಮಧ್ಯಾಹ್ನ ಊಟಕ್ಕೆ ಹೋದರೆ ಅಜ್ಜಿ ತಟ್ಟೆಯ ಮುಂದೆ ಉಣ್ಣದೆ ಕೂತಿದ್ದಳು.

"ಆಕಿ ನಿದ್ದಿಲ್ಲ ಅಂದ್ಳು. ನಾನೇ ಕಣಪ್ಪ ಚೀಟಿ ಕೊಟ್ಟಿದ್ದು" ಎಂದಳು. "ಮೊದ್ಲು ಒಂದು ತಿಂದ್ಳು, ಆಮ್ಯಾಕೆ ಎರಡಾತು. ನಾನ್ ಕೊಂದ್ನೇನೋ?"

"ಬರೆದೋನು ನಾನು ಅಜ್ಜಿ."

ಅವಳು ನನ್ನ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ನನಗೇನಾಗುವುದೋ ಎಂಬ ಹೆದರಿಕೆಯಿತ್ತು. "ಬಶೀರಂಗೆ ಹೇಳ್‌ಬ್ಯಾಡ" ಎಂದಳು ಕೊನೆಗೆ.

ಮೂರನೆಯ ದಿನ ಬೆಳಿಗ್ಗೆ ಖೈರೂನ್‌ಬೀ ಕಣ್ಣು ಬಿಟ್ಟು ನನ್ನನ್ನು ನೋಡಿ, "ಯಾಕ್ಲಾ ಡಾಕ್ಟ್ರೇ, ಮುಖ ಹಿಂಗಾಗೈತೆ, ಯಾರ್ ಸತ್ರು?" ಎಂದರು. ಬಶೀರ್ ನನ್ನನ್ನು ತಬ್ಬಿಕೊಂಡು ಅತ್ತ. ಮುದುಕರ ಡಾಕ್ಟರು ಅಂದರೇನೆಂದು ನಮ್ಮ ಬೀದಿಗೆ ಆ ದಿನ ಗೊತ್ತಾಯಿತು. ಚಿಕ್ಕಪ್ಪನೂ ಬಾಯಿ ಮುಚ್ಚಿದ. ಖೈರೂನ್‌ಬೀ ಮತ್ತೆ ಐದಾರು ವರ್ಷ ಬಾಳಿದರು. ಅಷ್ಟು ವರ್ಷವೂ ಬಶೀರ್ ಸಿಕ್ಕವರಿಗೆಲ್ಲ ನನ್ನನ್ನು ತೋರಿಸಿ, ನಮ್ಮಮ್ಮನ ಜೀವ ಉಳಿಸಿದೋನು ಎನ್ನುತ್ತಿದ್ದ. ನಾನು ನೆಲ ನೋಡುತ್ತಿದ್ದೆ. ಜನ ಅದನ್ನು ವಿನಯ ಎಂದುಕೊಂಡರು.

ಈಗ ನಾನೇ ಈ ವಿದ್ಯೆ ಕಲಿಸುತ್ತೇನೆ. ಪ್ರತಿ ವರ್ಷ ಹೊಸದಾಗಿ ಬಂದವರಿಗೆ ಈ ಕಥೆ ಹೇಳುತ್ತೇನೆ. ಊರಿನ ಯಾರೋ ಒಬ್ಬ ಡಾಕ್ಟರು ಬರೆದಿದ್ದರು ಎಂದು ಆ ಜಾಗದಲ್ಲಿ ದಾಟಿಬಿಡುತ್ತೇನೆ. ಇವತ್ತೂ ಹಾಗೇ ದಾಟುತ್ತಿದ್ದೆ. ಹಿಂದೆ ನಿಂತಿದ್ದ ಒಬ್ಬ ವಿದ್ಯಾರ್ಥಿನಿ ಕೇಳಿದಳು:

"ಸರ್, ಆ ಡಾಕ್ಟ್ರು ಆ ಮನೆಯವ್ರಿಗೆ ಹೇಳಿದ್ರಾ?"

ಇನ್ನೂ ಇಲ್ಲ, ಎಂದೆ. ಅವಳಿಗೆ ಅರ್ಥವಾಗಿರಬೇಕು, ತಲೆ ತಗ್ಗಿಸಿದಳು.

ವಾರ್ಡಿನಿಂದ ಹೊರಗೆ ಬಂದು ಬಶೀರನಿಗೆ ಫೋನ್ ಮಾಡಿದೆ. ಮೂರು ಸಲ ರಿಂಗಾಗುವಷ್ಟರಲ್ಲಿ ಎರಡು ಸಲ ಇಟ್ಟುಬಿಡೋಣವೆನಿಸಿತು. ಅವನು ಎತ್ತಿದ. ಹಿಂದೆ ಯಾವುದೋ ಲಾರಿಯ ಎಂಜಿನ್ ಗುಡುಗುತ್ತಿತ್ತು.

"ಏನ್ಲೇ, ಅಪರೂಪಕ್ಕೆ?" ಎಂದ.

ಅಮ್ಮನ ವಿಷಯ ಒಂದು ಹೇಳಬೇಕಿತ್ತು ಎಂದೆ. ಅವನು ಎಂಜಿನ್ ನಿಲ್ಲಿಸಲು ಯಾರಿಗೋ ಹೇಳಿದ.

"ಹೇಳು" ಎಂದ.