ಮಲ್ಲಪ್ಪ ಕಾಕಾ ಹಾಕಿದ ಜಾಯಿಂಟು

ಒಂದು ಶನಿವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ನಾನು ಕಾರಂಜಿಯ ಪಂಪಿಗೆ ನೇರ ಕರೆಂಟು ಕೊಟ್ಟೆ. ನೀರಿಗೆ ಕರೆಂಟು ಸೋರಿದರೆ ತಾನಾಗಿ ಬಿದ್ದು ಎಲ್ಲವನ್ನೂ ಬಂದ್ ಮಾಡುವ ಸ್ವಿಚ್ಚೊಂದು ಅಲ್ಲಿತ್ತು. ಟ್ರಿಪ್ಪರ್ ಅನ್ನುತ್ತಿದ್ದೆವು ಅದಕ್ಕೆ. ಆ ವಾರ ಅದು ಮೂರು ಸಲ ಬಿದ್ದಿತ್ತು. ಯಾಕೆ ಬೀಳುತ್ತಿದೆ ಎಂದು ನಾನು ನೋಡಲಿಲ್ಲ. ಗೇಣುದ್ದದ ಎರಡು ತುಂಡು ತಂತಿ ಹಾಕಿ, ಕರೆಂಟು ಅದನ್ನು ಬಿಟ್ಟು ದಾಟಿಹೋಗುವಂತೆ ಮಾಡಿಬಿಟ್ಟೆ. ಎರಡು ದಿನದ ಮೇಲೆ ಕಸ್ತೂರಕ್ಕನನ್ನು ಹಿಡಿದ ಕರೆಂಟು ಸೋರಿದ್ದು ನಾನು ಆರಿಸಿದ ಪಂಪಿನಿಂದ; ಅದನ್ನು ತಡೆಯಬೇಕಾದದ್ದನ್ನು ತೆಗೆದವನು ನಾನು. ಪಂಪಿನ ಕೇಬಲ್ಲಿಗೆ ಜಾಯಿಂಟು ಹಾಕಿದ ಮಲ್ಲಪ್ಪ ಕಾಕಾನ ತಪ್ಪು ಅದರಲ್ಲಿ ಏನೂ ಇರಲಿಲ್ಲ. ನಾಲ್ಕು ವರ್ಷ ಎಲ್ಲರೂ ಅವರದೇ ತಪ್ಪೆಂದು ನಂಬಿದರು, ಅವರೂ ನಂಬಿದರು — ನಾನು ನೋಡುತ್ತಾ ಇದ್ದೆ.

ನಾನು ಬಸವನ ಬಾಗೇವಾಡಿಯಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರದ ಟ್ಯೂಶನ್ ಹೇಳುತ್ತೇನೆ. ನಮ್ಮ ಬಡಾವಣೆಯ ಉದ್ಯಾನದಲ್ಲಿ ಸಣ್ಣ ಕೊಳ ಕಟ್ಟಿಸಿ ನಡುವೆ ಕಾರಂಜಿ ಇಡಬೇಕೆಂದಾಗ, ಓದಿದವನೆಂದು ಪಂಪು ಆರಿಸುವ ಕೆಲಸ ನನಗೆ ಬಂತು. ಕೊಳದಲ್ಲಿ ಮೀನು ಬಿಡುವುದೆಂದು ಆಗಲೇ ಗೊತ್ತಾಗಿತ್ತು. ನೀರು ಆಡದಿದ್ದರೆ ಮೀನು ಉಳಿಯುವುದಿಲ್ಲ, ಆದ್ದರಿಂದ ಪಂಪು ಹಗಲೂ ರಾತ್ರಿ ನಡೆಯಬೇಕು. ತಂಗಡಗಿ ಹತ್ತಿರದ ನಮ್ಮ ಹೊಲದ ಬಾವಿಯಲ್ಲಿ ಎಂಟು ವರ್ಷ ಮುಳುಗಿಕೊಂಡೇ ನೀರೆತ್ತಿದ ಪಂಪೊಂದಿತ್ತು. ಒಮ್ಮೆಯೂ ಕೈಕೊಟ್ಟದ್ದಲ್ಲ. ಅದನ್ನೇ ಉದ್ಯಾನಕ್ಕೆ ಕೊಡುತ್ತೇನೆಂದೆ. ಚಪ್ಪಾಳೆ ಬಿತ್ತು — ಆ ಚಪ್ಪಾಳೆ ನನಗೆ ಬಹಳ ರುಚಿಸಿತು, ಅದನ್ನೂ ಹೇಳಿಬಿಡುತ್ತೇನೆ.

ಪಂಪಿನ ಕೇಬಲ್ಲು ಗಿಡ್ಡವಾಗಿತ್ತು. ಅದಕ್ಕೆ ಜಾಯಿಂಟು ಹಾಕಿ ಉದ್ದ ಮಾಡಲು ಮಲ್ಲಪ್ಪ ಕಾಕಾನನ್ನು ಕರೆಸಿದೆವು. ಮುದ್ದೇಬಿಹಾಳ ರಸ್ತೆಯಲ್ಲಿ ಅವರದು ಮೋಟರ್ ವೈಂಡಿಂಗ್ ಅಂಗಡಿ. ಸಿಂದಗಿಯಿಂದ, ಇಂಡಿಯ ಲಿಂಬೆ ತೋಟಗಳಿಂದ ಕೆಟ್ಟ ಮೋಟರುಗಳು ಬಸ್ಸಿನಲ್ಲಿ ಅವರ ಹೆಸರಿನ ಚೀಟಿ ಕಟ್ಟಿಸಿಕೊಂಡು ಬರುತ್ತಿದ್ದವು. ಅವರು ನನ್ನ ಪಂಪನ್ನು ಹೊರಳಿಸಿ ನೋಡಿ, ಕೆಳಗಿಟ್ಟು, ಕೈ ಒರೆಸಿಕೊಂಡರು.

"ಮಾಸ್ತರ್ರ, ಇದು ಹೊಲದ ಪಂಪ್ ಐತ್ರಿ. ಅಲ್ಲಿ ನಾಕ ತಾಸು ಕರೆಂಟ್ ಬರ್ತಿತ್ತು, ಹೋಗ್ತಿತ್ತು. ಹೋದಾಗ ಇದು ತಂಪ ಆಗ್ತಿತ್ತು. ಇಲ್ಲಿ ಕರೆಂಟ್ ಹೋಗಂಗಿಲ್ಲ. ಬಿಡದಂಗ ಓಡಾಕ ಇದನ್ನ ಮಾಡಿಲ್ರಿ."

"ಎಂಟ ವರ್ಷ ಬಾವ್ಯಾಗ ಓಡೇತಿ ಕಾಕಾ. ಎರಡ ಆಳು ಎತ್ತರ ನೀರ ಚಿಮ್ಮಸೂದು ಅದಕ್ಕೊಂದ ಭಾರೇನು?"

"ಭಾರದ ಮಾತಲ್ರಿ, ಪುರುಸೊತ್ತಿನ ಮಾತು. ದಿನಾಪೂರ್ತಿ ಓಡೂದಕ್ಕಂತನ ಮಾಡಿದ ಸಣ್ಣ ಪಂಪ್ ಬರ್ತಾವು. ಇಲ್ಲಂದ್ರ ಮೋಟರ್ ಹೊರಗ ಇಡ್ರಿ, ನೀರಾಗ ಬರೇ ಪೈಪ್ ಇರ್ಲಿ. ಮಂದಿ ಕಾಲ ಇಡೂ ನೀರಿದು."

ಸಮಿತಿಯ ಅಧ್ಯಕ್ಷರು ಶಿವನಗೌಡರು ನಕ್ಕರು. "ಏ ಮಲ್ಲಪ್ಪಾ, ಮಾಸ್ತರ ಮುಂದ ಕರೆಂಟಿನ ಪಾಠ ಹೇಳಾಕ ನಿಂತಿಯಲ್ಲೋ. ಫೀ ಕೊಡಬೇಕಾದೀತು ನೋಡು."

"ನಾ ಪುಸ್ತಕ ಬಿಚ್ಚಿಲ್ರಿ ಗೌಡ್ರ, ಮೋಟರ್ ಬಿಚ್ಚೇನಿ," ಅಂದರು ಕಾಕಾ. ಎಲ್ಲರೂ ನಕ್ಕೆವು. ಅವರು ಹೇಳಿದ್ದು ಸರಿ ಎಂದು ನನಗೆ ಆಗಲೇ ತಿಳಿದಿತ್ತು. ಶಾಖ ಏರುತ್ತಾ ಹೋದರೆ ಸುರುಳಿಯ ಹೊದಿಕೆ ಏನಾಗುತ್ತದೆ, ಸೀಲು ಸಡಿಲಾದರೆ ನೀರು ಎಲ್ಲಿಗೆ ಹೋಗುತ್ತದೆ — ಇದನ್ನೇ ಮಕ್ಕಳಿಗೆ ಹೇಳಿ ಹೊಟ್ಟೆ ಹೊರೆಯುವವನು ನಾನು. ಆದರೆ ಚಪ್ಪಾಳೆಯ ನಂತರ ಪಂಪನ್ನು ಹೊಲಕ್ಕೆ ವಾಪಸು ಒಯ್ಯುವುದು ಹೇಗೆ?

ಕಾಕಾ ಜಾಯಿಂಟು ಹಾಕಿಕೊಟ್ಟರು. ರಬ್ಬರ್ ಟೇಪು, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಪ್ರತಿ ಸುತ್ತನ್ನೂ ಹೆಬ್ಬೆರಳಿನಿಂದ ಒತ್ತಿ ಒತ್ತಿ ಕೂರಿಸಿದರು. ಪಂಪು ಹದಿನೆಂಟು ದಿನ ಓಡಿತು. ಆಮೇಲೆ ಟ್ರಿಪ್ಪರ್ ಬೀಳಲು ಶುರುವಾಯಿತು.

ಈಗ ಭಾನುವಾರದ ಮಾತು. ಇದನ್ನು ನಾನು ಹೆಂಡತಿಗೂ ಹೇಳಿರಲಿಲ್ಲ. ತಂತಿ ದಾಟಿಸಿದ ಮರುದಿನ ಕೊಳದ ಬಳಿ ಹೋದೆ. ಎರಡು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಉಳಿದವು ಪಂಪಿನಿಂದ ದೂರ, ಒಂದೇ ಮೂಲೆಯಲ್ಲಿ ಒತ್ತಿಕೊಂಡಿದ್ದವು. ಬಗ್ಗಿ ನೀರಿಗೆ ಬೆರಳ ತುದಿ ತಾಗಿಸಿದೆ — ಜುಂ ಅಂತು. ಕೈ ತೆಗೆದೆ. ಮೊದಲು ಮಾಡಿದ್ದೇನು ಗೊತ್ತೇ? ಯಾರಾದರೂ ನೋಡಿದರೇ ಎಂದು ಸುತ್ತ ನೋಡಿದೆ. ಸತ್ತ ಮೀನನ್ನು ಕಡ್ಡಿಯಿಂದ ಎಳೆದು ಗೋಡೆಯಾಚೆ ಒಗೆದೆ. ಸೋಮವಾರ ಟ್ಯೂಶನ್ ಮುಗಿದ ಮೇಲೆ ನೋಡಿದರಾಯಿತು ಅಂದುಕೊಂಡೆ. ಸ್ವಿಚ್ಚು ಮೂವತ್ತು ಹೆಜ್ಜೆ ದೂರದಲ್ಲಿತ್ತು.

ಸೋಮವಾರ ಬೆಳಿಗ್ಗೆ ಕಸ್ತೂರಕ್ಕ ಬಂದರು. ಅಂಗನವಾಡಿ ಕೆಲಸದಿಂದ ನಿವೃತ್ತರಾದವರು, ನನಗಿಂತ ಹದಿನೈದು ವರ್ಷ ಹಿರಿಯರು. ಸೋಮವಾರದ ಪೂಜೆಗೆ ಕೊಳದ ನೈದಿಲೆ ಕೀಳುತ್ತಿದ್ದರು. ನಾನು ಗೇಟಿನ ಹತ್ತಿರವಿದ್ದೆ. ಅವರು ಸೀರೆ ಎತ್ತಿ ಹಿಡಿದದ್ದು ಕಂಡಿತು, ಎಡಗೈ ದಂಡೆಯ ಕಬ್ಬಿಣದ ಕಂಬಿಯ ಮೇಲಿಟ್ಟದ್ದು ಕಂಡಿತು. ಕೂಗಬೇಕಿತ್ತು — ಬಾಯಿ ಬರಲಿಲ್ಲ. ಕೂಗಿದರೆ ಯಾಕೆ ಕೂಗಿದೆ ಎಂದು ಹೇಳಬೇಕಾಗುತ್ತಿತ್ತು. ಅಷ್ಟರಲ್ಲಿ ಅವರು ಕಾಲಿಟ್ಟಿದ್ದರು.

ಅವರು ಚೀರಲಿಲ್ಲ. ಅದೇ ನನ್ನನ್ನು ಇವತ್ತಿಗೂ ಹೆದರಿಸುವುದು. ನಿಂತಲ್ಲೇ ಸೆಟೆದರು. ಕುತ್ತಿಗೆ ಹಿಂದಕ್ಕೆ ಹೋಯಿತು, ಕಂಬಿ ಹಿಡಿದ ಕೈ ಬಿಡಲೇ ಇಲ್ಲ. ಕಾರಂಜಿ ಮಾತ್ರ ಎಂದಿನಂತೆ ಸೊಗಸಾಗಿ ಚಿಮ್ಮುತ್ತಿತ್ತು. ಅಲ್ಲೇ ಅಡ್ಡಾಡುತ್ತಿದ್ದ ಶಿವನಗೌಡರು "ಅಕ್ಕಾರ" ಎನ್ನುತ್ತಾ ಅವರನ್ನು ಹಿಡಿಯಲು ಓಡಿದರು.

"ಮುಟ್ಟಬ್ಯಾಡ್ರಿ!"

ಆಗ ಬಾಯಿ ಬಂತು ನನಗೆ. ಪಂಪಿನ ಕೋಣೆಗೆ ಓಡಿ ಮೇನ್ ಸ್ವಿಚ್ಚು ಇಳಿಸಿದೆ. ನೀರಿಗೆ ಮೈ ಬಿದ್ದ ಸಪ್ಪಳ ಕೇಳಿತು. ಎಲ್ಲರೂ ಅವರನ್ನು ಎತ್ತಿ ಆಟೋಗೆ ಒಯ್ಯುವಾಗ ನಾನು ಕೋಣೆಯಲ್ಲೇ ಉಳಿದೆ. ಬದುಕಿದ್ದಾರೋ ಇಲ್ಲವೋ ನೋಡಲು ಹೋಗಲಿಲ್ಲ. ಎರಡೂ ತಂತಿ ಬಿಚ್ಚಿ ಜೇಬಿಗೆ ಹಾಕಿದೆ, ಟ್ರಿಪ್ಪರನ್ನು ಮೊದಲಿನಂತೆ ಕೂರಿಸಿದೆ. ಪಂಪನ್ನು ದಂಡೆಗೆ ಎಳೆದೆ. ಕಾಕಾನ ಜಾಯಿಂಟನ್ನು ಎರಡೂ ಕಡೆ ಕತ್ತರಿಸಿ ಅದನ್ನೂ ಜೇಬಿಗೆ ಹಾಕಿದೆ. ಅದು ಗಟ್ಟಿಯಾಗಿತ್ತು; ಕತ್ತರಿಸಿದ ತುದಿಗಳಲ್ಲಿ ತಾಮ್ರ ಒಣಗಿಯೇ ಇತ್ತು. ಅದನ್ನು ನೋಡಿದವರಿಗೆ ನೀರು ಹೊಕ್ಕಿದ್ದು ಪಂಪಿನೊಳಗೆಂದು ತಿಳಿದುಬಿಡುತ್ತಿತ್ತು.

ಕಸ್ತೂರಕ್ಕ ಬದುಕಿದರು. ಎಡಗೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ಅಂದು ಸಂಜೆ ಶಿವನಗೌಡರು ನನ್ನ ಹೆಗಲ ಮೇಲೆ ಕೈಯಿಟ್ಟು ಅಂದರು: "ನೀವು ಇದ್ದಿದ್ದಿಲ್ಲಂದ್ರ ಅಕ್ಕಾನೂ ಇರ್ತಿದ್ದಿಲ್ಲ, ನಾನೂ ಇರ್ತಿದ್ದಿಲ್ರಿ. ಆ ಮಲ್ಲಪ್ಪನ ಜಾಯಿಂಟಿಂದನ ಇರಬೇಕಲ್ರಿ ಇದು?"

"ಇರಬೇಕ್ರಿ," ಅಂದೆ.

ಒಂದೇ ಮಾತು. ಎರಡು ವಾರದ ಮೇಲೆ ಕಸ್ತೂರಕ್ಕ ಹೋಳಿಗೆ ಕಟ್ಟಿಕೊಂಡು ನನ್ನ ಮನೆಗೆ ಬಂದು, ಬೇಡವೆನ್ನುವಷ್ಟರಲ್ಲಿ ಬಗ್ಗಿ ನನ್ನ ಕಾಲಿಗೆ ನಮಸ್ಕಾರ ಮಾಡಿದರು. ನಾನು ಕಾಲು ಹಿಂತೆಗೆದುಕೊಂಡೆನೇ? ನೆನಪಿಲ್ಲ ಅನ್ನುವುದು ಸುಳ್ಳಾಗುತ್ತದೆ. ತೆಗೆದುಕೊಳ್ಳಲಿಲ್ಲ.

ಮಲ್ಲಪ್ಪ ಕಾಕಾ ಬಂದು ಕೇಳಿದ್ದು ಒಂದೇ: "ಆ ಜಾಯಿಂಟ್ ನೋಡಬೇಕಿತ್ರಿ." ಒಗೆದುಬಿಟ್ಟೆನೆಂದೆ. "ಎಲ್ಲಿ ಒಗದ್ರಿ?" ಉದ್ಯಾನದ ಹಿಂದಿನ ತಿಪ್ಪೆ ತೋರಿಸಿದೆ. ಆ ಬಿಸಿಲಿನಲ್ಲಿ ಅವರು ಒಂದು ತಾಸು ಕೋಲಿನಿಂದ ಕಸ ಕೆದಕಿದರು. ಜಾಯಿಂಟು ನನ್ನ ಟ್ಯೂಶನ್ ಮೇಜಿನ ಖಾನೆಯಲ್ಲಿತ್ತು.

ಬಸ್ಸಿನಲ್ಲಿ ಮೋಟರ್ ಬರುವುದು ನಿಂತಿತು. ಅದಕ್ಕಿಂತ ಮೊದಲೇ ಅವರೇ ನೀರಿನ ಪಂಪು ಮುಟ್ಟುವುದನ್ನು ಬಿಟ್ಟಿದ್ದರು. ಈ ವರ್ಷ ಸಮಿತಿಯವರು ಅಂದಿನಿಂದ ನಿಂತಿದ್ದ ಕಾರಂಜಿಯನ್ನು ಮತ್ತೆ ಶುರು ಮಾಡೋಣವೆಂದು, ಪಂಪು ನೀವೇ ಆರಿಸಿರಿ ಎಂದು ನನಗೇ ಹೇಳಿದರು. ಕೇಳಲು ಕಾಕಾನನ್ನು ಬಿಟ್ಟರೆ ನನಗೆ ಬೇರೆ ಯಾರೂ ಗೊತ್ತಿರಲಿಲ್ಲ. ಅವರ ಅಂಗಡಿಗೆ ಹೋದೆ. ರಿಪೇರಿಗೆ ಈಗ ಅಲ್ಲಿದ್ದದ್ದು ಬರೀ ಮಿಕ್ಸರು, ಟೇಬಲ್ ಫ್ಯಾನು, ಇಸ್ತ್ರಿ ಪೆಟ್ಟಿಗೆ.

"ನೀರಾಗಿಂದು ನನಗ ಕೇಳಬ್ಯಾಡ್ರಿ ಮಾಸ್ತರ್ರ. ನನ್ನ ಕೈ ಮ್ಯಾಲೆ ನನಗ ನಂಬಿಕಿ ಇಲ್ಲ."

ಅವರ ಹೆಂಡತಿ ಗೌರವ್ವ ಚಹಾ ಕೊಡುತ್ತಾ ಅಂದರು: "ನಾಕ ವರ್ಷ ಆತ್ರಿ, ಪೂರಾ ನಿದ್ದಿ ಇಲ್ಲ. ನಡುವ ಎದ್ದ ಕುಂತು ಚಾದರದ ತುದಿ ಬೆರಳಿಗೆ ಸುತ್ತಕೋತ ಇರ್ತಾರ. ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತಾರ."

ಚಹಾ ಅಲ್ಲೇ ಇಟ್ಟು ಎದ್ದೆ. ಮನೆಗೆ ಹೋಗಿ ಖಾನೆಯಿಂದ ಆ ಜಾಯಿಂಟನ್ನು ತಂದು ಕಾಕಾನ ಮುಂದಿಟ್ಟೆ. ಎಲ್ಲ ಹೇಳಿದೆ — ತಂತಿ, ಮೀನು, ಬೆರಳು, "ಇರಬೇಕ್ರಿ" ಅಂದದ್ದು. ಅವರು ನನ್ನತ್ತ ನೋಡಲಿಲ್ಲ. ಬ್ಲೇಡು ತೆಗೆದುಕೊಂಡು ಟೇಪನ್ನು ಸುತ್ತು ಸುತ್ತಾಗಿ ಬಿಡಿಸಿದರು. ಕೊನೆಯ ಸುತ್ತು ಬಿಚ್ಚಿದಾಗ ಹೆಣೆದ ತಾಮ್ರ ಆವತ್ತೇ ಹಾಕಿದಂತೆ ಹೊಳೆಯಿತು. ಅದನ್ನು ಕೆನ್ನೆಗೆ ತಾಗಿಸಿ ನೋಡಿದರು.

"ಒಣಾ ಐತಿ," ಅಂದರು ಗೌರವ್ವನಿಗೆ.

ಆಮೇಲೆ ನನಗೆ: "ನನಗೊಬ್ಬನಿಗೆ ಹೇಳಿದ್ರ ಏನಾತ್ರಿ? ಮಂದಿ ಮುಂದ ಹೇಳ್ರಿ."

ಭಾನುವಾರ ಉದ್ಯಾನದಲ್ಲಿ ಎಲ್ಲರ ಮುಂದೆ ಹೇಳಿದೆ. ಕಾಕಾ ಬಿಚ್ಚಿದ ಜಾಯಿಂಟನ್ನು ಅಂಗೈಯಲ್ಲಿಟ್ಟುಕೊಂಡು ನಿಂತಿದ್ದರು. ಶಿವನಗೌಡರು ಅವರ ಬಳಿ ಹೋಗಿ ಕೈ ಮುಗಿದರು. ಕಸ್ತೂರಕ್ಕ ಬಹಳ ಹೊತ್ತು ತಮ್ಮ ಎಡಗೈ ನೋಡುತ್ತಾ ಕುಳಿತಿದ್ದರು. ಏಳುವಾಗ ಅಂದರು: "ನನ್ನ ತಲಿ ನಿಮ್ಮ ಕಾಲ ಮ್ಯಾಲಿತ್ತಲ್ರಿ. ಆಗ ಹೇಳಬಹುದಿತ್ತು." ಆಮೇಲೆ ಅವರು ನನ್ನೊಡನೆ ಮಾತಾಡಿಲ್ಲ. ಮಾತಾಡಲಿ ಎಂದು ಕೇಳುವ ಬಾಯಿ ನನಗಿಲ್ಲ.

ಹೊಸ ಪಂಪನ್ನು ಆರಿಸಿದವರು ಕಾಕಾ. ಬಿಡದೆ ಓಡಲೆಂದೇ ಮಾಡಿದ್ದು, ಮೋಟರು ಹೊರಗೆ ಕೋಣೆಯಲ್ಲಿ. ದಿನಾ ಬೆಳಿಗ್ಗೆ ಏಳು ಹತ್ತಕ್ಕೆ ಹೋಗಿ ಟ್ರಿಪ್ಪರಿನ ಪರೀಕ್ಷೆಯ ಗುಂಡಿ ಒತ್ತುವ ಕೆಲಸವನ್ನು ನಾನು ಕೇಳಿ ತೆಗೆದುಕೊಂಡಿದ್ದೇನೆ. ಅದು ಟಪ್ ಎಂದು ಬೀಳುತ್ತದೆ. ಮತ್ತೆ ಏರಿಸಿ ಬರುತ್ತೇನೆ.

ಎಲ್ಲರ ಮುಂದೆ ಹೇಳಿದ ಮರುದಿನ, ಸೋಮವಾರ, ಅಂಗಡಿಯ ಮುಂದೆ ಹಾಯುವಾಗ ಬಾಗಿಲು ಇನ್ನೂ ಹಾಕಿತ್ತು. ಒಂಬತ್ತಾಗಿತ್ತು. ಹೆದರಿ ಮನೆಯ ಕದ ಬಡಿದೆ. ಗೌರವ್ವ ತುಟಿಯ ಮೇಲೆ ಬೆರಳಿಟ್ಟುಕೊಂಡು ಹೊರಗೆ ಬಂದರು.

"ಸಾವಕಾಶ ಮಾತಾಡ್ರಿ ಮಾಸ್ತರ್ರ. ರಾತ್ರಿ ಮಲಗಿದವರು ಇನ್ನೂ ಎದ್ದಿಲ್ಲ."